ಕಾವೇರಿಗೆ ಕಣ್ಣೀರು, ಕೋರ್ಟಿಗೆ ಬಂದವಳಿಗೆ ಕೊಂಕು!

ಡೈವೋರ್ಸ್ ಅಂದರೆ ಸಾಕು, ಚಿಕ್ಕಮಗಳೂರಿನ ಅಂಗಡಿ ಜಗಲಿಗಳಲ್ಲಿ ಈಗಲೂ ದನಿ ತಗ್ಗುತ್ತದೆ. 'ಕಾಲ ಕೆಟ್ಟೋಯ್ತು ಸ್ವಾಮಿ, ಎಲ್ಲಾ ಸಿನಿಮಾ ನೋಡಿ ಕಲಿತದ್ದು' ಎಂಬ ತೀರ್ಪು ಸಾಮಾನು ಕಟ್ಟಿ ಮುಗಿಯುವುದರೊಳಗೆ ಹೊರಬೀಳುತ್ತದೆ. ಈ ಆಪಾದನೆ ಶುದ್ಧ ಸುಳ್ಳು. ಹೆಂಗಸರಿಗೆ ನಮ್ಮ ಹಳೇ ಸಿನಿಮಾಗಳು ಕಲಿಸಿದ್ದು ಡೈವೋರ್ಸನ್ನಲ್ಲ, ಸಹಿಸಿಕೊಂಡು ಸಾಯುವುದನ್ನು.

1971ರ 'ಶರಪಂಜರ'ವನ್ನೇ ತೆಗೆದುಕೊಳ್ಳಿ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಾವೇರಿಯಾಗಿ ಕಲ್ಪನಾ. ಹುಚ್ಚಾಸ್ಪತ್ರೆಯಿಂದ ವಾಸಿಯಾಗಿ ಬಂದವಳನ್ನು ಮನೆ, ನೆರೆಹೊರೆ ಎಲ್ಲವೂ ಹುಚ್ಚಿ ಎಂದೇ ನೋಡುತ್ತವೆ. ಮದುವೆಗೆ ಮುಂಚಿನ ಒಂದು ಕಹಿ ಘಟನೆ ಅವಳ ತಲೆಯ ಮೇಲೆ ತೂಗುತ್ತಿದೆ. ಇತ್ತ ಗಂಡ ಸತೀಶ ಇನ್ನೊಬ್ಬಳ ಸಹವಾಸದಲ್ಲಿದ್ದಾನೆ. ಅವನನ್ನು ಕೇಳುವವರಿಲ್ಲ! ಕೊನೆಗೆ ಮತ್ತೆ ಹುಚ್ಚಾಗುವುದು ಕಾವೇರಿಯೇ. ಪುಟ್ಟಣ್ಣ ಪ್ರಶ್ನೆಯನ್ನು ನೇರವಾಗಿಯೇ ಎತ್ತಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಬಂದ ಪ್ರೇಕ್ಷಕರು ಮಾತ್ರ ಅದನ್ನು ಟಾಕೀಸಿನಲ್ಲೇ ಬಿಟ್ಟು ಬಂದರು.

ಕಾವೇರಿಗೆ ಬೇರೆ ದಾರಿ ಇರಲಿಲ್ಲವೇ? ಹಿಂದೂ ವಿವಾಹ ಕಾಯ್ದೆ 1955ರಲ್ಲೇ ಬಂದಿತ್ತು. ಆದರೆ ಆಗ ಗಂಡ ಪರಸ್ತ್ರೀ ಸಂಗದಲ್ಲೇ 'ಬಾಳುತ್ತಿದ್ದಾನೆ' ಎಂದು ಹೆಂಡತಿ ರುಜುವಾತು ಮಾಡಬೇಕಿತ್ತು. ಆ ಬಿಗಿ ಸಡಿಲವಾದದ್ದು 1976ರ ತಿದ್ದುಪಡಿಯಲ್ಲಿ. ಇಬ್ಬರೂ ಒಪ್ಪಿ ಬೇರೆಯಾಗುವ ಅವಕಾಶ ಬಂದದ್ದೂ ಆಗಲೇ. ಹಾಗಂತ ಕಾನೂನು ಸಂಸಾರ ಒಡೆಯಲು ಕೂತಿಲ್ಲ. ರಾಜಿಯ ಪ್ರಯತ್ನ ಮಾಡುವುದು ನ್ಯಾಯಾಧೀಶರ ಕರ್ತವ್ಯ ಎಂದು ಅದರಲ್ಲೇ ಬರೆದಿದೆ.

'ಇದೆಲ್ಲಾ ಪರದೇಶದ ಚಾಳಿ' ಎನ್ನುವ ಹಿರಿಯರು ತಮ್ಮ ಅಜ್ಜಿಯನ್ನು ಕೇಳಿದ್ದರೆ ಚೆನ್ನಾಗಿತ್ತು. ಕನ್ನಡನಾಡಿನ ಎಷ್ಟೋ ಜಾತಿಗಳಲ್ಲಿ ಪಂಚಾಯ್ತಿ ಸೇರಿಸಿ ಸಂಬಂಧ ಬಿಡಿಸುತ್ತಿದ್ದರು, ಉಡಿಕೆ, ಕೂಡಿಕೆ ಎಂದು ಹೆಣ್ಣಿಗೆ ಮತ್ತೆ ಮದುವೆಯನ್ನೂ ಮಾಡುತ್ತಿದ್ದರು. 1955ರ ಕಾಯ್ದೆ ಇಂಥ ರೂಢಿಯ ಬಿಡುಗಡೆಯನ್ನು ತಳ್ಳಿಹಾಕಲಿಲ್ಲ. ಹೆಣ್ಣು ಬಿಟ್ಟು ಬಂದರೆ ಮಾನ ಹೋಯಿತು ಎಂಬುದು ಎಲ್ಲರ ಮನೆಯ ಮಾತಾಗಿರಲಿಲ್ಲ.

ಕಾಫಿ ಸೀಮೆಯ ನಿಜವಾದ ಗೋಳು ಡೈವೋರ್ಸೂ ಅಲ್ಲ. ಗಂಡ ಒಂದು ದಿನ ಬಸ್ ಹತ್ತಿ ಹೋದವನು ತಿರುಗಿ ಬರುವುದಿಲ್ಲ. ಅತ್ತ ಸಂಸಾರವೂ ಇಲ್ಲ, ಇತ್ತ ಬಿಡುಗಡೆಯೂ ಇಲ್ಲ. ಎಸ್ಟೇಟಿನ ಲೈನುಮನೆಯಲ್ಲಿ ಎರಡು ಮಕ್ಕಳನ್ನಿಟ್ಟುಕೊಂಡವಳು ಜೀವನಾಂಶದ ವಾಯಿದೆಗೆ ಕೋರ್ಟಿಗೆ ಬರಬೇಕಾದರೆ ಅವತ್ತಿನ ಕೂಲಿ ಹೋಯಿತು, ಬಸ್ ಚಾರ್ಜಿನ ಕಾಲವಿದ್ದಾಗ ಅದೂ ಹೋಯಿತು. ಸಂಜೆ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಕೊಂಕು ಬೇರೆ: 'ಏನಮ್ಮಾ, ಕೋರ್ಟಿಗಾ?' ಹೀಗೆ ಕೇಳುವ ಮಹಾಶಯನೇ ಮನೆಯಲ್ಲಿ ಟಿ.ವಿ. ಮುಂದೆ ಕೂತು ಕಾವೇರಿಗೆ ಕಣ್ಣೀರು ಹಾಕುವವನು!

ಅವಳಿಗೆ ಯಾರೂ ಹೇಳದ ಸಂಗತಿಗಳಿವೆ. ಜೀವನಾಂಶ ಕೇಳಲು ಡೈವೋರ್ಸ್ ಆಗಿರಬೇಕಿಲ್ಲ. ಗಂಡನ ಊರಿಗೆ ಅಲೆಯಬೇಕಿಲ್ಲ, ತಾನಿರುವ ಕಡೆಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ತಿಂಗಳಿಗೆ 500 ರೂಪಾಯಿ ಮೀರುವಂತಿಲ್ಲ ಎಂಬ ಹಳೇ ಮಿತಿ 2001ರಲ್ಲೇ ರದ್ದಾಗಿದೆ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ವಕೀಲರ ನೆರವು ಪುಕ್ಕಟೆ. ಇಷ್ಟನ್ನು ದಪ್ಪಕ್ಷರದಲ್ಲಿ ಬರೆಸಿ ಕಳಸ, ಕೊಟ್ಟಿಗೆಹಾರ, ಮೂಡಿಗೆರೆ, ಆಲ್ದೂರಿನ ಬಸ್ ನಿಲ್ದಾಣಗಳಲ್ಲಿ ಹಾಕಲು ಎಷ್ಟು ಖರ್ಚಾದೀತು? ವರ್ತಕರು ಮನಸ್ಸು ಮಾಡಿದರೆ ಗಣಪತಿ ಹಬ್ಬದ ಚಂದಾದಲ್ಲಿ ಉಳಿದ ದುಡ್ಡೇ ಸಾಕು.