ಶಿಕ್ಷಕರ ಕೊಠಡಿಯೂ ಅವಲೋಕನಕ್ಕೆ ಬರಲಿ

ಅಭ್ಯಾಸ ಬೋಧನೆಯ ಅವಲೋಕನ ಪತ್ರಿಕೆಯಲ್ಲಿ ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಬಳಕೆ, ಮೌಲ್ಯಮಾಪನ, ಗೃಹಪಾಠ ಎಲ್ಲಕ್ಕೂ ಒಂದೊಂದು ಸಾಲು ಇದೆ. ಪಾಠ ಮುಗಿಸಿ ಶಿಕ್ಷಕರ ಕೊಠಡಿಗೆ ಬಂದು ಕುಳಿತ ಪ್ರಶಿಕ್ಷಣಾರ್ಥಿ ಅಲ್ಲಿ ಏನು ಕಲಿತರು ಎಂಬುದಕ್ಕೆ ಮಾತ್ರ ಸಾಲಿಲ್ಲ. ಹೊಸ ಶಿಕ್ಷಕರ ಮನೋಬಲವನ್ನು ಕಟ್ಟುವುದೂ ಕೆಡಿಸುವುದೂ ಬಹುಮಟ್ಟಿಗೆ ಆ ಕೊಠಡಿಯೇ. ಆದ್ದರಿಂದ ಅದನ್ನೂ ತರಬೇತಿಯ ಭಾಗವೆಂದು ಪರಿಗಣಿಸಬೇಕು ಎಂಬುದು ನನ್ನ ಅಭಿಪ್ರಾಯ.

ಎನ್‌ಸಿಟಿಇ 2014ರ ನಿಯಮಗಳಲ್ಲಿ ಬಿ.ಇಡಿ. ಕೋರ್ಸನ್ನು ಎರಡು ವರ್ಷಕ್ಕೆ ಏರಿಸಿ, 20 ವಾರಗಳ ಶಾಲಾ ಸಂಪರ್ಕವನ್ನು ಕಡ್ಡಾಯ ಮಾಡಿತು. ಹತ್ತಾರು ಪಾಠ ಒಪ್ಪಿಸಿ ಬರುವುದಷ್ಟೇ ಇದರ ಉದ್ದೇಶವಲ್ಲ; ಶಾಲೆ ಹೇಗೆ ನಡೆಯುತ್ತದೆ ಎಂದು ಒಳಗಿನಿಂದ ನೋಡಲಿ ಎಂಬುದೂ ಆಗಿತ್ತು. ನಮ್ಮ ವಿದ್ಯಾರ್ಥಿಗಳು ನೋಡುತ್ತಲೂ ಇದ್ದಾರೆ. ರಜೆ ಹಾಕಿದವರ ತರಗತಿಗಳು ಯಾವಾಗಲೂ ಯಾರ ಪಾಲಿಗೆ ಬರುತ್ತವೆ, ಸಿಬ್ಬಂದಿ ಸಭೆಯಲ್ಲಿ ಯಾರು ಮಾತಾಡುತ್ತಾರೆ, ಗೌರವಧನದ ಮೇಲೆ ದುಡಿಯುವ ಅತಿಥಿ ಶಿಕ್ಷಕರನ್ನು ಉಳಿದವರು ಹೇಗೆ ಕರೆಯುತ್ತಾರೆ, ಮಕ್ಕಳ ಎದುರಿಗೆ ಯಾರನ್ನು ಗದರಿಸಲಾಗುತ್ತದೆ. ಇದೆಲ್ಲ ಅವರ ಮನಸ್ಸಿಗೆ ಇಳಿಯುತ್ತದೆ. ನಾಳೆ ನೌಕರಿ ಸಿಕ್ಕಾಗ ಅವರೂ ಹಾಗೆಯೇ ನಡೆದುಕೊಳ್ಳುತ್ತಾರೆ.

ಆಲಮೇಲ, ಸಿಂದಗಿ, ಇಂಡಿ, ಮುದ್ದೇಬಿಹಾಳ ಭಾಗದಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿಯ ಎಷ್ಟೋ ಮನೆಗಳವರು ಕಬ್ಬು ಕಡಿಯಲು, ಕೂಲಿಗೆ ಮಹಾರಾಷ್ಟ್ರ, ಗೋವಾಕ್ಕೆ ಗುಳೆ ಹೋಗುತ್ತಾರೆ. ನಡುವೆ ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಹೆಸರು ಹಿಡಿದು ಕರೆದು ಕೂರಿಸಿಕೊಳ್ಳಲು ಅದನ್ನು ಬಲ್ಲ ಶಿಕ್ಷಕರು ಬೇಕು. ವರ್ಗಾವಣೆಗೆ ಅರ್ಜಿ ಹಾಕುವವರಿಗೆ ಸ್ವಂತ ಊರು, ಮನೆಯವರ ನೌಕರಿ, ತಂದೆತಾಯಿಯ ಆರೋಗ್ಯ ಎಂಬ ನ್ಯಾಯವಾದ ಕಾರಣಗಳಿರುತ್ತವೆ. ಆದರೆ ‘ಈ ಶಾಲೆಯಲ್ಲಿ ನಮ್ಮ ಮಾತಿಗೆ ಬೆಲೆ ಇಲ್ಲ’ ಎಂಬುದೂ ಒಂದು ಕಾರಣವಾದರೆ, ಅದರ ನಷ್ಟವನ್ನು ಆ ಮಗು ತುಂಬಬೇಕಾಗುತ್ತದೆ.

ಮನೋಬಲ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಬಹುವರ್ಗ ಬೋಧನೆಯನ್ನು ನೋಡಿ ಬಂದರು. ಬಂದು ತಾವೇ ಕೂಡಿ ಕುಳಿತು ಕನ್ನಡದಲ್ಲಿ ಕಲಿಕಾ ಕಾರ್ಡುಗಳನ್ನು ಬರೆದರು. ತರಗತಿಯಲ್ಲಿ ಬಳಸಿ ನೋಡಿ, ನಡೆಯದ್ದನ್ನು ತಿದ್ದಿದರು. ನಲಿ-ಕಲಿ ಹುಟ್ಟಿದ್ದು ಹೀಗೆ. ಅದೇ ಪದ್ಧತಿ 2009-10ರಲ್ಲಿ ರಾಜ್ಯಕ್ಕೆಲ್ಲ ಹರಡಿದಾಗ ಬಹಳಷ್ಟು ಶಾಲೆಗಳಿಗೆ ತಟ್ಟೆ, ಏಣಿ, ಕಾರ್ಡುಗಳು ಮೇಲಿನಿಂದ ಬಂದ ಸಾಮಗ್ರಿಯಾಗಿ ತಲುಪಿದವು. ಪದ್ಧತಿ ಒಂದೇ, ಆದರೆ ತಾನೇ ಕಟ್ಟಿದ್ದಕ್ಕೆ ದುಡಿಯುವ ಮನಸ್ಸು ಬೇರೆ, ಆದೇಶಕ್ಕೆ ದುಡಿಯುವ ಮನಸ್ಸು ಬೇರೆ. ಸೆಪ್ಟೆಂಬರ್ 5ರ ಶಾಲು, ಹಾರ ಬೇಡವೆನ್ನುವುದಿಲ್ಲ. ವರ್ಷದ ಉಳಿದ ದಿನಗಳಲ್ಲಿ ಶಿಕ್ಷಕರ ಅಭಿಪ್ರಾಯ ಕೇಳದಿದ್ದರೆ ಒಂದು ದಿನದ ಸನ್ಮಾನದಿಂದ ಮನೋಬಲ ಬೆಳೆಯದು.

ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯದೇ. ಶಿಕ್ಷಕರ ಸಭೆಗಳಲ್ಲಿ ಕಾಯಕ ತತ್ವವನ್ನು ನಾವು ಮೇಲಿಂದ ಮೇಲೆ ನೆನೆಯುತ್ತೇವೆ. ಹೆಚ್ಚಾಗಿ ‘ಎದುರು ಮಾತಾಡದೆ ದುಡಿಯಿರಿ’ ಎನ್ನಲು. ಅದೇ ಶರಣ ಪರಂಪರೆಯಲ್ಲಿ ಅನುಭವ ಮಂಟಪವೂ ಇತ್ತು ಎಂಬುದನ್ನು ಮರೆಯುತ್ತೇವೆ. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ ಹಿಂಜರಿಯದೆ ಮಾತಾಡಿದ ಪರಂಪರೆ ಅದು. ಮಾತಿನ ಹಕ್ಕನ್ನು ಬಿಟ್ಟು ಕಾಯಕವನ್ನಷ್ಟೇ ಬೋಧಿಸಿದರೆ ಅರ್ಧ ಪಾಠ ಹೇಳಿದಂತೆ.

‘ಹುದ್ದೆಗಳೇ ಖಾಲಿ ಇವೆ, ದಾಖಲೆ ತುಂಬುವುದರಲ್ಲೇ ದಿನ ಹೋಗುತ್ತದೆ, ಇಂಥದರಲ್ಲಿ ಯಾವ ಕಾರ್ಯಸಂಸ್ಕೃತಿ?’ ಎಂದು ಮುಖ್ಯ ಶಿಕ್ಷಕರು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಆರ್‌ಟಿಇ ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಅದನ್ನು ಪಾಲಿಸುವುದು, ಹುದ್ದೆ ತುಂಬುವುದು ಸರ್ಕಾರದ ಹೊಣೆ. ಸವಿಮಾತು ಅದಕ್ಕೆ ಬದಲಿಯಲ್ಲ. ಆದರೆ ವೇಳಾಪಟ್ಟಿಯನ್ನು ಎಲ್ಲರೂ ಕೂಡಿ ಮಾಡಲು, ಬದಲಿ ತರಗತಿಗಳನ್ನು ಸರದಿಯಂತೆ ಹಂಚಲು, ತಪ್ಪನ್ನು ಒಬ್ಬರೇ ಇದ್ದಾಗ ಹೇಳಲು ಯಾವ ಆದೇಶವೂ ಬೇಡ, ಅನುದಾನವೂ ಬೇಡ.

ತರಬೇತಿ ಕಾಲೇಜುಗಳು ಮೊದಲು ತಮ್ಮಿಂದಲೇ ಆರಂಭಿಸಲಿ. ಪಾಠದ ನಡುವೆ ಎದ್ದು ನಿಂತು ಮಕ್ಕಳ ಮುಂದೆ ಪ್ರಶಿಕ್ಷಣಾರ್ಥಿಯನ್ನು ತಿದ್ದುವುದನ್ನು ನಾವು ಅಧ್ಯಾಪಕರು ಬಿಡೋಣ. ಪಾಠದ ನಂತರ ಮೊದಲು ಅವರ ಅನಿಸಿಕೆ ಕೇಳಿ, ಆಮೇಲೆ ನಮ್ಮದನ್ನು ಹೇಳೋಣ. ಇಂಟರ್ನ್‌ಶಿಪ್ ದಿನಚರಿಯಲ್ಲಿ ವಾರಕ್ಕೊಂದು ಪುಟ ಶಾಲೆಯ ಕಾರ್ಯಸಂಸ್ಕೃತಿಗೆ ಇರಲಿ. ಅದರಲ್ಲಿ ಯಾರ ಹೆಸರೂ ಬೇಡ, ಚಾಡಿಯೂ ಬೇಡ. ಈ ವಾರ ಒಬ್ಬ ಶಿಕ್ಷಕರು ಇನ್ನೊಬ್ಬರಿಗೆ ಹೇಗೆ ನೆರವಾದರು, ಯಾವ ನಿರ್ಧಾರವನ್ನು ಎಲ್ಲರೂ ಕೂಡಿ ತೆಗೆದುಕೊಂಡರು ಎಂಬ ಎರಡು ಪ್ರಶ್ನೆಗೆ ಉತ್ತರ ಬರೆದರೆ ಸಾಕು. ಬರೆಯಲು ಏನೂ ಸಿಗದ ವಾರ, ತಾವು ಮುಖ್ಯ ಶಿಕ್ಷಕರಾದಾಗ ಏನು ಮಾಡುವಿರಿ ಎಂದು ಬರೆಯಲಿ. ನಮ್ಮ ಸೆಮಿನಾರ್ ತರಗತಿಯಲ್ಲಿ ಚರ್ಚಿಸಲು ಅದಕ್ಕಿಂತ ಒಳ್ಳೆಯ ವಿಷಯ ಬೇರೆ ಬೇಕಿಲ್ಲ.