ಏಳು ಗಂಟೆಯ ಮಕ್ಕಳು ಯಾವ ಲೆಕ್ಕದಲ್ಲಿ?

ಮಳೆಗಾಲದಲ್ಲಿ ಮಕ್ಕಳು ಮದ್ರಸಕ್ಕೆ ತಡವಾಗಿ ಬಂದರೆ ನಾನೀಗ ಬೈಯುವುದಿಲ್ಲ. ಮೊದಲು ಬೈಯುತ್ತಿದ್ದೆ. ನಾಲ್ಕನೇ ತರಗತಿಯ ಹುಡುಗನೊಬ್ಬ ಒಂದು ದಿನ ಇಪ್ಪತ್ತು ನಿಮಿಷ ತಡವಾಗಿ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದ. ಯಾಕೋ ಎಂದರೆ, "ರಸ್ತೆ ದಾಟ್ಲಿಕ್ಕೆ ಆಗ್ಲಿಲ್ಲ ಉಸ್ತಾದ್, ಗಾಡಿ ನಿಲ್ಲಿಸ್ಲೇ ಇಲ್ಲ" ಎಂದ. ತಂಗಿಯ ಕೈ ಹಿಡಿದುಕೊಂಡು ಅಷ್ಟು ಹೊತ್ತೂ ರಸ್ತೆ ಬದಿ ನಿಂತಿದ್ದನಂತೆ. ನಡುವೆ ಒಂದು ಲಾರಿ ಹೊಂಡದ ನೀರನ್ನೆಲ್ಲ ಇಬ್ಬರ ಮೇಲೂ ಹಾರಿಸಿಕೊಂಡು ಹೋಗಿದೆ. ತಂಗಿ ಅಳುತ್ತಾ ಮನೆಗೆ ವಾಪಸ್, ಇವನು ಮದ್ರಸಕ್ಕೆ. ಅವತ್ತಿನಿಂದ ತಡವಾದವರ ಹೆಸರು ಬರೆಯುವುದನ್ನು ಬಿಟ್ಟೆ.

ಈ ಸಣ್ಣ ಸಂಗತಿಗೂ ಊರಿನ ದೊಡ್ಡ ಯೋಜನೆಗೂ ಸಂಬಂಧ ಇದೆ ಎಂದು ನನಗೂ ಗೊತ್ತಿರಲಿಲ್ಲ. ಮಂಗಳೂರಿನ ಮಾಸ್ಟರ್ ಪ್ಲಾನ್ ಅಂತ ನಾವು ಕೇಳುತ್ತಾ ಬಂದದ್ದು 2021ನೇ ಇಸವಿಯನ್ನು ಕಣ್ಣ ಮುಂದಿಟ್ಟು ಮಾಡಿದ್ದು. ಆ ವರ್ಷ ಕಳೆದು ಹೋಗಿದೆ, ಊರು ಪ್ಲಾನನ್ನು ದಾಟಿ ಬೆಳೆದಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಪ್ರಕಾರ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಅಳೆದು, ಪರಿಶೀಲಿಸಿ, ಪರಿಷ್ಕರಿಸಬೇಕು. ಅದರ ಜೊತೆಗೆ ಸಂಚಾರಕ್ಕೇ ಬೇರೆ ಯೋಜನೆ ಇದೆ. ಮುಂದಿನ ಇಪ್ಪತ್ತು ವರ್ಷ ಜನ ಎಲ್ಲಿಂದ ಎಲ್ಲಿಗೆ ಹೇಗೆ ಹೋಗುತ್ತಾರೆ, ಯಾವ ರಸ್ತೆ ಅಗಲವಾಗಬೇಕು, ಬಸ್ಸು ಎಲ್ಲಿ ಓಡಬೇಕು, ಸೇತುವೆ ಎಲ್ಲಿ ಬೇಕು ಎಂದು ಲೆಕ್ಕ ಹಾಕುವ ಯೋಜನೆ. ಇದರಲ್ಲಿ ಒಂದು ಗೆರೆ ಬಿದ್ದರೆ ಆ ಗೆರೆ ನಮ್ಮ ಮಕ್ಕಳ ಮಕ್ಕಳವರೆಗೂ ಇರುತ್ತದೆ. ಪರಿಷ್ಕರಣೆ ಇವತ್ತಲ್ಲ ನಾಳೆ ನಮ್ಮ ಬಾಗಿಲಿಗೆ ಬರಲೇಬೇಕು. ಬಂದಾಗ ನಾವು ಆ ಲೆಕ್ಕದಲ್ಲಿ ಇರುತ್ತೇವಾ ಎಂಬುದೇ ನನ್ನ ಪ್ರಶ್ನೆ.

ನಾನು ಪಿಯುಸಿ ಓದುವಾಗ ದೇರಳಕಟ್ಟೆ ಎಂದರೆ ನಾಲ್ಕು ಅಂಗಡಿ, ಒಂದು ಬಸ್ ಸ್ಟಾಪ್, ಸುತ್ತ ಗೇರು ಗುಡ್ಡ. ಕೊಣಾಜೆಯಲ್ಲಿ ವಿಶ್ವವಿದ್ಯಾಲಯ ಇತ್ತು, ಅಷ್ಟೆ. ಈಗ ದೇರಳಕಟ್ಟೆ, ನಾಟೆಕಲ್ ಆಸುಪಾಸಿನಲ್ಲೇ ಮೂರು ಮೆಡಿಕಲ್ ಕಾಲೇಜು. ಮುಡಿಪುವಿನಲ್ಲಿ ಇನ್ಫೋಸಿಸ್. ಫ್ಲ್ಯಾಟು, ಹಾಸ್ಟೆಲು, ಹೋಟೆಲು. ತೊಕ್ಕೊಟ್ಟಿನಿಂದ ಒಳಗೆ ಹೋಗುವ ಆ ದಾರಿಯಲ್ಲಿ ಸಂಜೆ ಬಸ್ಸು ತೆವಳುತ್ತದೆ. ಇಷ್ಟು ಬೆಳೆದ ಊರಲ್ಲಿ ಎಷ್ಟು ಜನ ಇದ್ದಾರೆ ಎಂದು ಸರ್ಕಾರವನ್ನು ಕೇಳಿದರೆ ಈಗಲೂ 2011ರ ಜನಗಣತಿಯ ಪುಸ್ತಕ ತೆಗೆಯಬೇಕು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಹಳೆ ಅಂಗಿಯ ಅಳತೆ ಕೊಟ್ಟು ಬೆಳೆದ ಹುಡುಗನಿಗೆ ಪ್ಯಾಂಟು ಹೊಲಿಸಿದ ಹಾಗೆ.

ಆ ಪುಸ್ತಕದಲ್ಲೇ ಇನ್ನೊಂದು ಸಂಗತಿ ಇದೆ, ಇದನ್ನು ನಮ್ಮ ಮನೆಗಳವರು ತಿಳಿಯಲೇಬೇಕು. 2011ರ ಗಣತಿಯಲ್ಲಿ "ನೀವು ಕೆಲಸಕ್ಕೆ ಎಷ್ಟು ದೂರ ಹೋಗುತ್ತೀರಿ, ಯಾವುದರಲ್ಲಿ ಹೋಗುತ್ತೀರಿ" ಎಂಬ ಪ್ರಶ್ನೆ ಇತ್ತು. ಆದರೆ ಅದನ್ನು ಎಲ್ಲರಿಗೂ ಕೇಳಲಿಲ್ಲ. ಬೇಸಾಯದವರಿಗಿಲ್ಲ, ಮನೆಯಲ್ಲೇ ಕೂತು ಕೈಕೆಲಸ ಮಾಡುವವರಿಗಿಲ್ಲ, ಓದುವ ಮಕ್ಕಳಿಗಿಲ್ಲ, ಮನೆ ನೋಡಿಕೊಳ್ಳುವ ಹೆಂಗಸರಿಗಿಲ್ಲ. ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವ ನಮ್ಮ ಉಮ್ಮಂದಿರ ಕಥೆ ನೋಡಿ. ಲೆಕ್ಕಕ್ಕೆ ಅವರದು ಮನೆಯೊಳಗಿನ ಕೆಲಸ, ಓಡಾಟವೇ ಇಲ್ಲ. ಆದರೆ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಯ್ಯುವುದು ಯಾರು? ಅಲ್ಲಿಂದ ಎಲೆ, ಹೊಗೆಸೊಪ್ಪು ತರುವುದು ಯಾರು? ತಲೆ ಮೇಲೆ ಚೀಲ, ಕೈಯಲ್ಲಿ ಕೊಡೆ, ರಸ್ತೆಯ ಅಂಚು ಹಿಡಿದು ನಡೆಯುವ ಅವರು ನಡೆದದ್ದನ್ನು ಯಾರೂ ಬರೆದುಕೊಂಡಿಲ್ಲ.

ಸಂಚಾರ ಯೋಜನೆ ಮಾಡುವವರು ಗಣತಿಯನ್ನು ಮಾತ್ರ ನಂಬಿ ಕೂರುವುದಿಲ್ಲ ನಿಜ. ಅವರು ಕೆಲವು ಮನೆಗಳನ್ನು ಆರಿಸಿ ಸಮೀಕ್ಷೆ ಮಾಡುತ್ತಾರೆ, ಮನೆಯ ಒಬ್ಬೊಬ್ಬರೂ ದಿನಕ್ಕೆ ಎಲ್ಲೆಲ್ಲಿಗೆ ಹೋದರು ಎಂದು ಕೇಳುತ್ತಾರೆ. ಒಮ್ಮೆ ನಮ್ಮ ಓಣಿಗೆ ಕುತ್ತಿಗೆಗೆ ಕಾರ್ಡು ಹಾಕಿಕೊಂಡ ಹುಡುಗನೊಬ್ಬ ಇಂಥದ್ದೇ ಕಾಗದ ಹಿಡಿದು ಬಂದಿದ್ದ. ಮಧ್ಯಾಹ್ನದ ಹೊತ್ತು. ಮೊದಲ ಮನೆಯಲ್ಲಿ ಪರದೆಯ ಹಿಂದಿನಿಂದ "ಗಂಡಸರು ಇಲ್ಲ, ಮತ್ತೆ ಬನ್ನಿ" ಎಂದರು. ಆ ಮನೆಯ ಗಂಡಸು ಇರುವುದು ದಮ್ಮಾಮಿನಲ್ಲಿ, ಬರುವುದು ಎರಡು ವರ್ಷಕ್ಕೊಮ್ಮೆ. ಎರಡನೇ ಮನೆಯ ತಾತ್ತ ಮಾತಾಡಿದರು, ಆದರೆ ಎಲ್ಲಿಗೆ ಹೋಗ್ತೀರಿ ಎಂದು ಕೇಳಿದರೆ "ನಾನೆಲ್ಲಿಗೆ ಹೋಗೋದು, ಮನೇಲೇ ಇರೋದು" ಎಂದುಬಿಟ್ಟರು. ಬೆಳಗ್ಗೆ ಮಗುವನ್ನು ಮದ್ರಸದ ತಿರುವಿನವರೆಗೆ ಬಿಟ್ಟು ಬಂದಿದ್ದಾರೆ, ಬ್ರಾಂಚಿಗೆ ಹೋಗಿದ್ದಾರೆ, ರೇಷನ್ ಅಂಗಡಿಯಲ್ಲಿ ಕ್ಯೂ ನಿಂತಿದ್ದಾರೆ. ನಾನೇ ಕಣ್ಣಾರೆ ನೋಡಿದ್ದೇನೆ. ಕಾಗದದಲ್ಲಿ ಸೊನ್ನೆ ಬಿತ್ತು.

ತಪ್ಪು ಆ ಹುಡುಗನದ್ದಲ್ಲ. ನಡೆದು ಹೋಗುವುದನ್ನು ನಾವೇ ಹೋಗುವುದು ಎಂದು ಲೆಕ್ಕ ಮಾಡುವುದಿಲ್ಲ. ಕಾರಲ್ಲಿ ಹೋದರೆ ಮಾತ್ರ ಹೋದ ಹಾಗೆ.

ಈಗ ಗಾಡಿ ಎಣಿಸುವ ಕತೆ. ಜಂಕ್ಷನ್‌ಗಳಲ್ಲಿ ಕೂತು ಕಾರು, ಬೈಕು, ಲಾರಿ, ಬಸ್ಸು ಎಂದು ಗೀಟು ಹಾಕುತ್ತಾರೆ. ಯಾವ ಗಂಟೆಯಲ್ಲಿ ಗಾಡಿ ಅತಿ ಹೆಚ್ಚೋ ಆ ಗಂಟೆಗೆ ತಕ್ಕಂತೆ ರಸ್ತೆಯ ಅಗಲ ನಿಶ್ಚಯವಾಗುತ್ತದೆ. ಆಫೀಸಿನ ಗಂಟೆ, ಕಾಲೇಜಿನ ಗಂಟೆ. ನಮ್ಮ ಮಕ್ಕಳು ರಸ್ತೆಗೆ ಇಳಿಯುವುದು ಬೆಳಗ್ಗೆ ಏಳಕ್ಕೆ ಮೊದಲು. ಆಗ ಗಾಡಿ ಕಡಿಮೆ, ಆದ್ದರಿಂದಲೇ ವೇಗ ಜಾಸ್ತಿ. ಜಲ್ಲಿ, ಮರಳು ತುಂಬಿದ ಟಿಪ್ಪರ್‌ಗಳು ಆ ಹೊತ್ತಿಗೇ ಓಡುವುದು. ಗಾಡಿಯ ಲೆಕ್ಕದಲ್ಲಿ ಅದು ಖಾಲಿ ರಸ್ತೆ. ಟೊಪ್ಪಿ ಹಾಕಿದ, ಮಕ್ಕನ ಹಾಕಿದ ಪುಟ್ಟ ಮಕ್ಕಳ ಲೆಕ್ಕದಲ್ಲಿ ಅದೇ ದಿನದ ಅತಿ ಅಪಾಯದ ಹೊತ್ತು.

ಇದನ್ನೆಲ್ಲ ಒಮ್ಮೆ ಜಮಾಅತಿನಲ್ಲಿ ಹೇಳಿದೆ. ಅಂಗಡಿ ಕಟ್ಟಡ ಇರುವ ಹಾಜಿಯಾರ್ ಒಬ್ಬರು, "ಉಸ್ತಾದರೇ, ರಸ್ತೆ ಅಗಲ ಆದ್ರೆ ಊರು ಬೆಳೀತದೆ, ನೀವು ಯಾಕೆ ಅಡ್ಡ ಮಾತಾಡ್ತೀರಿ?" ಎಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. ಆಂಬುಲೆನ್ಸ್ ಓಡುವ ದಾರಿ ಅಗಲ ಆಗಬೇಕು. ತೊಕ್ಕೊಟ್ಟಿನ ಫ್ಲೈ ಓವರ್ 2019ರಲ್ಲಿ, ಪಂಪ್‌ವೆಲ್‌ನದು ಎಷ್ಟೋ ವರ್ಷ ಕಾಯಿಸಿ, ಎಲ್ಲರ ಬಾಯಲ್ಲಿ ತಮಾಷೆಯಾಗಿ, 2020ರ ಜನವರಿ ಕೊನೆಗೆ ತೆರೆದಾಗ ನಾನೂ ಸಂತೋಷಪಟ್ಟವನೇ. ಆದರೆ ಮೇಲೆ ಹೋಗುವವನಿಗೆ ದಾರಿ ಸಿಕ್ಕಿತು, ಕೆಳಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆಯುವವನಿಗೆ? ಎರಡು ಲೇನಿನ ರಸ್ತೆಯನ್ನು ಮಗು ಒಂದು ಉಸಿರಿಗೆ ದಾಟುತ್ತದೆ. ನಾಲ್ಕು ಲೇನ್, ನಡುವೆ ಕಟ್ಟೆ, ಆಚೆ ಸರ್ವಿಸ್ ರಸ್ತೆ ಎಂದಾದರೆ ದೊಡ್ಡವರೂ ನಡುವಲ್ಲಿ ನಿಂತು ಮತ್ತೊಮ್ಮೆ ಧೈರ್ಯ ತಂದುಕೊಳ್ಳಬೇಕು. ಕೇಂದ್ರ ಸರ್ಕಾರವೇ 2006ರಲ್ಲಿ ತಂದ ರಾಷ್ಟ್ರೀಯ ನಗರ ಸಾರಿಗೆ ನೀತಿಯ ಮುಖ್ಯ ಮಾತು ಏನು ಗೊತ್ತಾ? ರಸ್ತೆಯ ಜಾಗವನ್ನು ಹಂಚುವಾಗ ಗಾಡಿಯನ್ನಲ್ಲ, ಮನುಷ್ಯನನ್ನು ನೋಡಬೇಕು ಎಂಬುದು. ಹಾಗಾಗಿ ನಾನು ಅಡ್ಡ ಮಾತಾಡಿದ್ದಲ್ಲ, ಅವರ ಪುಸ್ತಕದ ಮಾತನ್ನೇ ಆಡಿದ್ದು.

ಫುಟ್‌ಪಾತ್ ವಿಷಯವೂ ಹಾಗೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದಲ್ಲಿ ಮನೆಗಳಿರುವ ಕಡೆಯೂ ನಡೆಯಲು ಕನಿಷ್ಠ 1.8 ಮೀಟರ್ ತೆರವಾದ ಜಾಗ ಇರಬೇಕು, ಹತ್ತಿರ ಹತ್ತಿರ ಆರು ಅಡಿ. ನಮ್ಮ ಊರಿನ ಮಳೆಗೆ ಇದು ಸರಿಯಾದ ಅಳತೆ ಎಂದು ನನಗನಿಸುವುದು, ಎರಡು ಮಕ್ಕಳು ಕೊಡೆ ಬಿಡಿಸಿ ಪಕ್ಕ ಪಕ್ಕ ನಡೆದರೆ ಅಷ್ಟೇ ಬೇಕಾಗುತ್ತದೆ. ಈಗ ಇರುವುದು ಏನು? ಚರಂಡಿಯ ಮೇಲಿನ ಚಪ್ಪಡಿ. ಅದೂ ಹತ್ತು ಇದ್ದರೆ ಹನ್ನೊಂದನೆಯದು ಇಲ್ಲ. ಮಳೆಯಲ್ಲಿ ನೀರು ತುಂಬಿದರೆ ಇಲ್ಲದ್ದು ಯಾವುದೆಂದು ಕಾಣುವುದಿಲ್ಲ.

ಇನ್ನು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ರಾಜ್ಯದ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಫ್ರೀಯಾಗಿ ಹೋಗುತ್ತಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಬಸ್ಸಿನವರ ಮೇಲೆ ನನಗೆ ಸಿಟ್ಟಿಲ್ಲ, ಸರ್ಕಾರಿ ಬಸ್ಸು ಮುಖ ಹಾಕದ ಮೂಲೆಗಳಿಗೆ ದಶಕಗಟ್ಟಲೆ ಜನರನ್ನು ಮುಟ್ಟಿಸಿದವರು ಅವರೇ. ಆದರೆ ಆಸ್ಪತ್ರೆಯಲ್ಲಿ ಕ್ಲೀನಿಂಗ್ ಕೆಲಸಕ್ಕೆ ಹೋಗುವ ಹೆಂಗಸು ಸಂಬಳದಿಂದ ದಿನಾ ಬಸ್ ಚಾರ್ಜು ತೆಗೆಯುತ್ತಾಳೆ, ಘಟ್ಟದ ಮೇಲಿನ ಅವಳ ಹಾಗಿನವಳಿಗೆ ಅದು ಉಳಿಯುತ್ತದೆ. ರಾತ್ರಿ ಪಾಳಿ ಮುಗಿದ ಮೇಲೆ ಬಸ್ಸೇ ಇಲ್ಲ, ಆಟೋಗೆ ಕೊಡಬೇಕು. ಯಾವ ದಾರಿಗೆ ಯಾವ ಬಸ್ಸು ಎಂದು ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಯೋಜನೆಯಲ್ಲಿ "ಈ ದಾರಿಗೆ ಇಷ್ಟು ಹೊತ್ತಿನವರೆಗೆ ಸರ್ಕಾರಿ ಬಸ್ಸು ಬೇಕು" ಎಂದು ಬರೆದಿದ್ದರೆ ಕೇಳಲು ನಮಗೊಂದು ಆಧಾರ ಇರುತ್ತದೆ. ಇಲ್ಲದಿದ್ದರೆ ವರ್ಷಕ್ಕೊಂದು ಮನವಿ, ಒಂದು ಫೋಟೋ, ಅಷ್ಟೇ.

ಬೇಸರವಾದರೂ ಹೇಳಿಬಿಡುತ್ತೇನೆ, ನಮ್ಮ ಕಮಿಟಿಗಳು ಎಚ್ಚರಾಗುವುದು ಯಾವಾಗ? ರಸ್ತೆ ಅಗಲೀಕರಣಕ್ಕೆ ಮಸೀದಿಯ ಕಾಂಪೌಂಡಿಗೋ ದಫನ ಭೂಮಿಯ ಗೋಡೆಗೋ ಕೆಂಪು ಬಣ್ಣದ ಗುರುತು ಬಿದ್ದಾಗ. ಆಗ ಓಡುತ್ತೇವೆ, ಶಾಸಕರ ಮನೆಗೆ, ವಕೀಲರ ಹತ್ತಿರ. ಆ ಗೆರೆ ವರ್ಷಗಳ ಹಿಂದೆಯೇ ನಕ್ಷೆಯಲ್ಲಿ ಕೂತಿರುತ್ತದೆ. ಕರಡು ಯೋಜನೆಯನ್ನು ಪ್ರಕಟಿಸಿ, ಸಾರ್ವಜನಿಕರು ಬರಹದಲ್ಲಿ ಅಭಿಪ್ರಾಯ ಕೊಡಲು ಕಾಯ್ದೆಯಲ್ಲಿ 60 ದಿನ ಇಟ್ಟಿದ್ದಾರೆ. ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದ ಪ್ರಕಟಣೆ ಬರುತ್ತದೆ. ಅದೇ ಪತ್ರಿಕೆಯಲ್ಲಿ ನಾವು ಮರಣ ವಾರ್ತೆ ಮತ್ತು ಚಿನ್ನದ ರೇಟು ನೋಡಿ ಮಡಚಿಡುತ್ತೇವೆ. ನಾನೂ ಹಾಗೇ.

ಮತ್ತೊಂದು. ಶುಕ್ರವಾರ ಜುಮಾ ಹೊತ್ತಿಗೆ ಮಸೀದಿ ಮುಂದಿನ ರಸ್ತೆ ನೋಡಿದ್ದೀರಲ್ಲ? ಎರಡು ಸಾಲು ಕಾರು, ಬೈಕು. ದಾರಿಯಲ್ಲಿ ಬಿದ್ದ ಮುಳ್ಳನ್ನು ತೆಗೆದಿಡುವುದೂ ಪುಣ್ಯದ ಕೆಲಸ ಎಂದು ಎರಡನೇ ತರಗತಿಯಲ್ಲಿ ಕಲಿಸುತ್ತೇನೆ, ಕಲಿತವರ ಅಪ್ಪಂದಿರು ಫುಟ್‌ಪಾತಿನ ಮೇಲೆಯೇ ಕಾರು ನಿಲ್ಲಿಸಿ ಒಳಗೆ ಬರುತ್ತಾರೆ. ಫುಟ್‌ಪಾತಿಗೆ ಫ್ರಿಜ್ಜು, ಬಾಳೆಗೊನೆ ಇಟ್ಟ ಅಂಗಡಿಗಳಲ್ಲಿ ನಮ್ಮವರ ಅಂಗಡಿಗಳೂ ಇವೆ. ನಾವು ಮನವಿ ಕೊಟ್ಟಾಗ ಅಧಿಕಾರಿ ಇದನ್ನೇ ತೋರಿಸಿದರೆ ನಮ್ಮ ಬಾಯಿಗೆ ಬೀಗ.

ಈ ಸಲ ಬೇರೆ ರೀತಿ ಹೋಗೋಣ ಎಂಬುದು ನನ್ನ ಆಸೆ. ಬಣ್ಣದ ಗುರುತು ಬೀಳುವ ಮೊದಲೇ. ಬರಿಗೈಯಲ್ಲಿ ಅಲ್ಲ. ನಮ್ಮ ಹತ್ತಿರ ಸರ್ಕಾರದ ಹತ್ತಿರವೂ ಇಲ್ಲದ ಒಂದು ಪುಸ್ತಕ ಇದೆ, ಮದ್ರಸದ ಹಾಜರಿ ಪುಸ್ತಕ. ಯಾವ ಮನೆಯ ಮಗು, ಯಾವ ಓಣಿಯಿಂದ, ಎಷ್ಟು ಗಂಟೆಗೆ, ಯಾವ ಕಡೆ ರಸ್ತೆ ದಾಟಿ ಬರುತ್ತದೆ ಎಂದು ಪ್ರತಿಯೊಬ್ಬ ಉಸ್ತಾದನಿಗೂ ಗೊತ್ತು. ಹೆಸರು ಬೇಡ, ಸಂಖ್ಯೆ ಸಾಕು. ಒಂದೊಂದು ಮೊಹಲ್ಲಾ ಒಂದೊಂದು ಹಾಳೆ ಬರೆದರೆ ಆಯಿತು. ಪಕ್ಕದ ದೇವಸ್ಥಾನದ ಭಜನಾ ಮಂಡಳಿಯವರಿಗೆ, ಚರ್ಚಿನ ಶಾಲೆಯವರಿಗೆ ಹೇಳಿದರೆ ಅವರೂ ಬರೆಯುತ್ತಾರೆ, ಅವರ ಮಕ್ಕಳೂ ಅದೇ ಚಪ್ಪಡಿ ದಾಟುವವರು. ಇನ್ನು ಸಮೀಕ್ಷೆಯ ಹುಡುಗ ಬಾಗಿಲಿಗೆ ಬಂದರೆ, ತಾಯಂದಿರೇ, ಗಂಡಸರಿಲ್ಲ ಎಂದು ಕಳಿಸಬೇಡಿ. ಬ್ರಾಂಚಿಗೆ ಹೋದದ್ದು, ಮಗುವನ್ನು ಬಿಟ್ಟದ್ದು, ರೇಷನ್ ತಂದದ್ದು, ಆಸ್ಪತ್ರೆಗೆ ಹೋದದ್ದು ಎಲ್ಲ ಬರೆಸಿ. ನಡೆದು ಹೋದದ್ದಾದರೆ ನಡೆದು ಎಂದೇ ಬರೆಸಿ.

ಕಳೆದ ವಾರ ನನ್ನ ಐದನೇ ತರಗತಿಯವರಿಗೆ ಮನೆಯಿಂದ ಮದ್ರಸಕ್ಕೆ ಬರುವ ದಾರಿಯ ಚಿತ್ರ ಬರೆದು ತನ್ನಿ ಎಂದೆ. ಬಹಳ ಮಕ್ಕಳು ನಾಯಿ ಬರೆದಿದ್ದಾರೆ, ಅದು ಬೇರೆ ವಿಷಯ. ಒಬ್ಬಳು ಚರಂಡಿಯನ್ನು ರಸ್ತೆಗಿಂತ ಅಗಲವಾಗಿ ಬರೆದು, ಅದರ ಮೇಲೆ ಒಂದೇ ಒಂದು ಚಪ್ಪಡಿ ಇಟ್ಟು, ಚಪ್ಪಡಿಯ ಮೇಲೆ ತನ್ನನ್ನು ನಿಲ್ಲಿಸಿದ್ದಾಳೆ. ಕೈಯಲ್ಲಿ ಕೊಡೆ. ಅಳತೆ ಸರಿ ಇಲ್ಲ ಎಂದು ಹೇಳಹೊರಟವನು ಸುಮ್ಮನಾದೆ. ನಮ್ಮ ಹಾಳೆ ತಯಾರಾದಾಗ ಅದರ ಜೊತೆ ಈ ಚಿತ್ರವನ್ನೂ ಪಿನ್ ಮಾಡುತ್ತೇನೆ.