ಬೆಳಗ್ಗೆ ಕಡಿದ ಬೀಫ್ ‘ಫ್ರೆಶ್’, ಫ್ರಿಜ್‌ನದ್ದು ‘ಹಳಸಿದ್ದು’: ಈ ಮಾತು ಎಷ್ಟು ನಿಜ?

‘ಈಗಷ್ಟೇ ಕಡಿದ ಮಾಂಸದಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ, ಫ್ರಿಜ್‌ನಲ್ಲಿಟ್ಟದ್ದೇ ವಿಷ’ ಎಂಬ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ತಿರುಗುತ್ತವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂಥ ಸೆಕೆಯ ಊರುಗಳಲ್ಲಿ ಇದನ್ನು ನಂಬುವುದು ಅಪಾಯ.

ಆರೋಗ್ಯವಂತ ಪ್ರಾಣಿಯ ಮಾಂಸಖಂಡದ ಒಳಗೆ ಬ್ಯಾಕ್ಟೀರಿಯಾ ಬಹುತೇಕ ಇರುವುದೇ ಇಲ್ಲ. ಅವು ಇರುವುದು ಚರ್ಮದ ಮೇಲೆ, ಗೊರಸಿನಲ್ಲಿ, ಕರುಳಿನಲ್ಲಿ. ಸುಲಿಯುವಾಗ ಚರ್ಮದ ಹೊರಮೈ ಮಾಂಸಕ್ಕೆ ತಾಗಿದರೆ ಅಥವಾ ಕರುಳು ತೂತಾದರೆ ಇ. ಕೋಲಿ, ಸಾಲ್ಮೊನೆಲ್ಲಾ ಮಾಂಸಕ್ಕೆ ಅಂಟಿಕೊಳ್ಳುತ್ತವೆ. ಅದಕ್ಕೇ ವ್ಯವಸ್ಥಿತ ಕಸಾಯಿಖಾನೆಗಳಲ್ಲಿ ಪ್ರಾಣಿಯನ್ನು ನೆಲದ ಮೇಲೆ ಹಾಕದೆ ತೂಗುಹಾಕಿ ಸುಲಿಯುತ್ತಾರೆ. ಕಡಿಯುವ ಮೊದಲೂ ನಂತರವೂ ಪಶುವೈದ್ಯರು ಪರೀಕ್ಷಿಸುತ್ತಾರೆ.

ಕರ್ನಾಟಕದ 2020ರ ಕಾಯ್ದೆಯಂತೆ 13 ವರ್ಷ ದಾಟಿದ ಎಮ್ಮೆ, ಕೋಣಗಳ ವಧೆಗೆ ಮಾತ್ರ, ಅದೂ ಪ್ರಮಾಣಪತ್ರ ಇದ್ದರೆ, ಅವಕಾಶವಿದೆ. ಕಾಯ್ದೆ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ. ಆದರೆ ಕದ್ದುಮುಚ್ಚಿ ಕಡಿದ ಪ್ರಾಣಿಯನ್ನು ಯಾವ ವೈದ್ಯರೂ ನೋಡಿರುವುದಿಲ್ಲ. ಅದಕ್ಕೆ ರೋಗವಿತ್ತೇ, ಎಲ್ಲಿ ಸುಲಿದರು, ಯಾವ ನೀರಲ್ಲಿ ತೊಳೆದರು ಎಂಬುದು ಕೊಳ್ಳುವವರಿಗೆ ತಿಳಿಯುವುದೂ ಇಲ್ಲ.

ಮುಂದಿನದು ಅಂಗಡಿ. ಮಾಂಸ ಕೊಚ್ಚುವ ಮರದ ಕೊರಡಿನಲ್ಲಿ ಕತ್ತಿಯ ಗಾಯಗಳಿರುತ್ತವೆ. ಎಷ್ಟು ತೊಳೆದರೂ ಆ ಸೀಳುಗಳಲ್ಲಿ ರಕ್ತ, ಕೊಬ್ಬು ಉಳಿಯುತ್ತದೆ. ಅದೇ ಕತ್ತಿ, ಅದೇ ಒರೆಸುವ ಬಟ್ಟೆ, ದುಡ್ಡು ಎಣಿಸಿದ ಅದೇ ಕೈ. ಮೇಲಿಂದ ಸೆಕೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಹೆಚ್ಚುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅನುಕೂಲ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೇ ದುಪ್ಪಟ್ಟಾಗುತ್ತದೆ. ಅರ್ಧ ಗಂಟೆಗೊಮ್ಮೆ ಎಂದು ಉದಾರವಾಗಿ ಲೆಕ್ಕ ಹಾಕಿದರೂ, ಬೆಳಗ್ಗೆ 5ಕ್ಕೆ ಕಡಿದು ತೂಗುಹಾಕಿದ ಮಾಂಸವನ್ನು ನೀವು 11ಕ್ಕೆ ಕೊಳ್ಳುವಷ್ಟರಲ್ಲಿ 4,096 ಪಟ್ಟು! ಇದು ಕಾಗದದ ಮೇಲಿನ ಲೆಕ್ಕ ನಿಜ, ಆದರೆ ಫ್ರಿಜ್ ತಡೆಯುವುದು ಈ ಏರಿಕೆಯನ್ನೇ. ಬೇಗ ತಂಪು ಮಾಡಿಟ್ಟ ಮಾಂಸವೇ ಹೆಚ್ಚು ಸುರಕ್ಷಿತ.

‘ಬೇಯಿಸಿದರೆ ಎಲ್ಲ ಸಾಯುತ್ತದಲ್ಲ?’ ಎಂದು ಕೇಳಬಹುದು. ಒಳಗಿನವರೆಗೂ 70 ಡಿಗ್ರಿ ಮುಟ್ಟಿದರೆ ಇ. ಕೋಲಿ, ಸಾಲ್ಮೊನೆಲ್ಲಾ ಸಾಯುತ್ತವೆ. ನಮ್ಮ ಕಡೆಯ ಸುಕ್ಕ, ಗಸಿಗಳು ಚೆನ್ನಾಗಿ ಬೇಯುವುದರಿಂದ ಆ ಮಟ್ಟಿಗೆ ಅನುಕೂಲ. ಖೀಮಾದ ವಿಷಯದಲ್ಲಿ ಎಚ್ಚರ ಬೇಕು: ಕೊಚ್ಚುವಾಗ ಮೇಲ್ಮೈಯ ಬ್ಯಾಕ್ಟೀರಿಯಾ ಒಳಗೆಲ್ಲ ಬೆರೆಯುತ್ತವೆ. 1993ರಲ್ಲಿ ಅಮೆರಿಕದಲ್ಲಿ ಅರೆಬೆಂದ ಬೀಫ್ ಹ್ಯಾಂಬರ್ಗರ್‌ನಿಂದ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ವರು ಮಕ್ಕಳು ಸತ್ತರು. ಇನ್ನು, ಬಿಸಿಲಲ್ಲಿ ಬಿಟ್ಟ ಮಾಂಸದಲ್ಲಿ ಸ್ಟ್ಯಾಫಿಲೊಕಾಕಸ್ ಬೆಳೆದು ವಿಷ ಬಿಟ್ಟಿದ್ದರೆ, ಆ ವಿಷ ಕುದಿಸಿದರೂ ಹೋಗದು.

ಉಪ್ಪು, ಅರಿಶಿನದ ನೀರಲ್ಲಿ ತೊಳೆದರೂ ಬ್ಯಾಕ್ಟೀರಿಯಾ ಪೂರ್ತಿ ಹೋಗುವುದಿಲ್ಲ. ನಲ್ಲಿ ಕೆಳಗೆ ತೊಳೆದರಂತೂ ಹನಿಗಳು ಸಿಡಿದು ಪಕ್ಕದ ಪಾತ್ರೆಗಳಿಗೂ ತಾಗುತ್ತವೆ. ಮಾಂಸ ಕೊಯ್ದ ಚೂರಿಯಲ್ಲೇ ಸೌತೆಕಾಯಿ, ಈರುಳ್ಳಿ ಹೆಚ್ಚಿದರೆ ಬೇಯಿಸುವ ಹಂತವೇ ಇರುವುದಿಲ್ಲ, ನೇರ ಹೊಟ್ಟೆಗೆ.